ಕಿರೀಟವೊಂದೇ ಸಾಕೆ?

ಇಂಗ್ಲಿಷಿನ ‘ಕ್ರೌನ್’ ಎಂಬ ಮಾತಿಗೆ ಕನ್ನಡದಲ್ಲಿ ಏನೆನ್ನುತ್ತೀರಿ ಎಂದು ಕೇಳಿದರೆ, ನಮ್ಮಲ್ಲಿ ಹತ್ತಕ್ಕೆ ಒಂಬತ್ತು ಮಂದಿ ‘ಕಿರೀಟ’ ಎಂದು ಹೇಳಿ ಕೈ ತೊಳೆದುಕೊಳ್ಳುತ್ತಾರೆ. ಉತ್ತರ ತಪ್ಪಲ್ಲ, ಮಾರ್ಕೂ ಸಿಗುತ್ತದೆ. ಆದರೆ ಈ ಒಂದೇ ಉತ್ತರದಿಂದ ಕನ್ನಡದ ಒಂದು ದೊಡ್ಡ ಕಣಜಕ್ಕೆ ಬೀಗ ಬೀಳುತ್ತಿದೆ ಎಂಬುದು ನನ್ನ ತಕರಾರು.

ಮೊದಲು ಇಂಗ್ಲಿಷಿನವರ ಮಾತನ್ನೇ ನೋಡೋಣ. ಕ್ರೌನ್ ಹುಟ್ಟಿದ್ದು ಲ್ಯಾಟಿನ್ನಿನ ‘ಕೊರೋನ’ದಿಂದ, ಅದರ ಬೇರು ಗ್ರೀಕಿನಲ್ಲಿ. ಬಾಗಿದ್ದು ಎಂಬುದು ಮೂಲದ ಅರ್ಥ. ರೋಮಿನವರಿಗೆ ಕೊರೋನ ಎಂದರೆ ಮೊದಲು ಚಿನ್ನವಲ್ಲ, ಎಲೆ ಹೂಗಳ ದಂಡೆ. ಯುದ್ಧದಲ್ಲಿ ಜೊತೆಯ ನಾಗರಿಕನ ಜೀವ ಉಳಿಸಿದವನಿಗೆ ಓಕ್ ಮರದ ಎಲೆಗಳ ದಂಡೆಯಿಟ್ಟು ಮರ್ಯಾದೆ ಮಾಡುತ್ತಿದ್ದರು. ಆಮೇಲೆ ಆ ಮಾತು ಎಲ್ಲೆಲ್ಲಿಗೆ ಹೋಯಿತು ನೋಡಿ: ನಾರ್ವೆ, ಸ್ವೀಡನ್, ಡೆನ್ಮಾರ್ಕುಗಳ ನಾಣ್ಯವಾಯಿತು, ಪೂರ್ಣ ಸೂರ್ಯಗ್ರಹಣದಲ್ಲಿ ಕಾಣುವ ಪ್ರಭಾವಲಯವಾಯಿತು, ಆ ವಲಯದ ಹೋಲಿಕೆಯಿಂದಲೇ 1968ರಲ್ಲಿ ಒಂದು ವೈರಸ್ ಕುಲಕ್ಕೆ ಹೆಸರಾಗಿ, 2020ರಲ್ಲಿ ನಮ್ಮ ಓಣಿಗೂ ಬಂತು. ಸನತ್‌ನಗರದಲ್ಲಿ ಲಾರಿ ರಿಪೇರಿ ಮಾಡುವ ನಮ್ಮ ಬೀದರ ಕಡೆಯವರಿಗೂ ಅದು ಗೊತ್ತು: “ಕ್ರೌನ್ ಪಿನಿಯನ್ ಹೋಗ್ಯಾದ್ರಿ.” ಇಂಜಿನ್ನಿನ ಬಲವನ್ನು ಹಿಂದಿನ ಅಚ್ಚಿಗೆ ಮುಟ್ಟಿಸುವ, ಸುತ್ತ ಹಲ್ಲುಳ್ಳ ದೊಡ್ಡ ಚಕ್ರ ಅದು. ಕನ್ನಡ ಪುಸ್ತಕಗಳ ‘ಕ್ರೌನ್ 1/8’ ಅಳತೆಯ ಹೆಸರು ಬಂದದ್ದು ಹಳೆಯ ಕಾಗದದ ನೀರುಗುರುತಿನಲ್ಲಿದ್ದ ಕಿರೀಟದಿಂದ. ಸೈಕ್ಲೋಸ್ಟೈಲಿಗೆ ಹಾಕುವ ಫುಲ್‌ಸ್ಕೇಪಿನ ಹೆಸರು ಬಂದದ್ದು ವಿದೂಷಕನ ಗೆಜ್ಜೆಟೋಪಿಯ ನೀರುಗುರುತಿನಿಂದ. ಪುಸ್ತಕದವರಿಗೆ ಕಿರೀಟ, ನಮಗೆ ಕೋಡಂಗಿ ಟೊಪ್ಪಿಗೆ! ಇರಲಿ.

ಇಂಗ್ಲಿಷಿನಲ್ಲಿ ಒಂದೇ ಮಾತು ಹತ್ತು ಕಡೆ ದುಡಿಯುತ್ತದೆ. ಕನ್ನಡದ ಗುಣ ಬೇರೆ. ತಲೆಯ ಮೇಲ್ಭಾಗ ನೆತ್ತಿ. ಅಲ್ಲಿ ಕೂದಲು ತಿರುಗಿದ ಜಾಗ ಸುಳಿ (ಎರಡು ಸುಳಿ ಇದ್ದವನಿಗೆ ಎರಡು ಮದುವೆಯಂತೆ, ಹಾಸ್ಟೆಲಿನ ಮಿತ್ರರು ತಡವಿ ನೋಡಿಕೊಳ್ಳಲಿ). ಅನಾನಸಿನ ತಲೆಯದು ಜುಟ್ಟು, ಗೋಪುರದ್ದು ಕಳಸ. ಇವಕ್ಕೆಲ್ಲ ಕಿರೀಟವನ್ನೇ ತೊಡಿಸುತ್ತ ಹೋದರೆ ನಮ್ಮ ಅನುವಾದ ನಾಟಕ ಕಂಪನಿಯ ಸಾಮಾನಿನ ಪೆಟ್ಟಿಗೆಯಾಗುತ್ತದೆ.

ಮಾತು ಬೇರೆಯಾದರೆ ವಿಚಾರವೂ ಬೇರೆ ಎಂಬುದು ಮುಖ್ಯ. ಕಿರೀಟ ಸಂಸ್ಕೃತದಿಂದ ಬಂದದ್ದು. ಇಂದ್ರನಿತ್ತ ಕಿರೀಟದಿಂದ ಅರ್ಜುನ ‘ಕಿರೀಟಿ’ಯಾದ. ಯಕ್ಷಗಾನ, ದೊಡ್ಡಾಟಗಳಲ್ಲಿ ಅದಕ್ಕೆ ಅದರ ಜಾಗವಿದೆ. ಆದರೆ ಒಬ್ಬನನ್ನು ಅರಸನನ್ನಾಗಿ ಮಾಡುವಾಗ ಕನ್ನಡ ಹೇಳುವುದು ‘ಪಟ್ಟ ಕಟ್ಟಿದರು’ ಎಂದು. ಪಟ್ಟವೂ ಸಂಸ್ಕೃತದ್ದೇ, ಹಣೆಗೆ ಕಟ್ಟುವ ಪಟ್ಟಿ ಅದು. ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ಅದರ ಲೆಕ್ಕವಿದೆ: ಅರಸನ ಪಟ್ಟಕ್ಕೆ ಐದು ಶಿಖೆ, ಯುವರಾಜನಿಗೂ ರಾಣಿಗೂ ಮೂರು, ಸೇನಾಪತಿಗೆ ಒಂದು. ಬಾದಾಮಿ ಚಾಲುಕ್ಯರ ಪಟ್ಟಾಭಿಷೇಕದ ಊರು ಪಟ್ಟದಕಲ್ಲು. ಪಟ್ಟದರಸಿ, ಪಟ್ಟದಾನೆ ಎಲ್ಲ ಒಂದೇ ಬಳಗ. ಕಾರ್ಖಾನೆಯಲ್ಲಿ ಯಂತ್ರ ತಿರುಗಿಸುವ ಪಟ್ಟಾ, ರೈತನ ಜಮೀನಿನ ಪಟ್ಟಾ ಇವೂ ಅದೇ ಮನೆತನದವೇ; ಹಿಂದಿ, ಉರ್ದುಗಳ ಬೀದಿ ಸುತ್ತಿ ನಮ್ಮಲ್ಲಿಗೆ ಬಂದಿವೆ.

ಕಿರೀಟವನ್ನು ತಾನೇ ಎತ್ತಿ ತಲೆಗಿಟ್ಟುಕೊಳ್ಳಬಹುದು. 1804ರಲ್ಲಿ ನೆಪೋಲಿಯನ್ ಪೋಪನ ಎದುರಿಗೇ ಹಾಗೆ ಮಾಡಿದ. ಪಟ್ಟ ಹಾಗಲ್ಲ, ಕಟ್ಟಲು ಇನ್ನೊಬ್ಬರ ಕೈ ಬೇಕು. ಕಟ್ಟಿದ ಕೈಗೆ ಬಿಚ್ಚುವುದೂ ಗೊತ್ತು. “ಅವನಿಗೆ ಕಳ್ಳ ಅಂತ ಪಟ್ಟ ಕಟ್ಟಿದ್ರು” ಎಂದು ಜನ ಆಡುವಾಗಲೂ ಈ ವಿವೇಕವೇ ಇದೆ: ಹೆಸರು, ಅಧಿಕಾರ ಎರಡೂ ನಾಲ್ಕು ಜನ ಕೊಡುವಂಥವು. ಮದುವೆಯಲ್ಲಿ ಹಣೆಗೆ ಕಟ್ಟುವ ಬಾಸಿಂಗ (ತೆಲುಗು ಗೆಳೆಯರ ಬಾಸಿಕಂ) ಕೂಲಿಯವನಿಗೂ ಸಿಗುವ ಒಂದು ದಿನದ ಪಟ್ಟವಲ್ಲದೆ ಇನ್ನೇನು?

ಇನ್ನು ಮುಡಿ. ಇದು ದ್ರಾವಿಡದ ಸ್ವಂತ ಮಾತು. ತಮಿಳಿನಲ್ಲಿ ಮುಡಿ ಎಂದರೆ ಕೂದಲೂ ಹೌದು, ಕಿರೀಟವೂ ಹೌದು. ಮೇಲುಕೋಟೆಯ ಚೆಲುವನಾರಾಯಣನಿಗೆ ವೈರಮುಡಿ. ಮಂಡ್ಯದ ಖಜಾನೆಯಲ್ಲಿರುವ ಅದು ಉತ್ಸವದ ದಿನ ಬೆಟ್ಟಕ್ಕೆ ಬರುತ್ತದೆ. ತುಳುನಾಡಿನಲ್ಲಿ ಹುಲ್ಲಿನಲ್ಲಿ ಬಿಗಿದ ಅಕ್ಕಿಯ ಮೂಟೆಯೂ ಮುಡಿಯೇ. ತಿರುಪತಿಯಲ್ಲಿ ಮುಡಿ ಕೊಡುತ್ತೇವೆ, ಹೂ ಮುಡಿಯುತ್ತೇವೆ. ಪತ್ರಿಕೆಯ ಕ್ರೀಡಾಪುಟದಲ್ಲಿ ಟ್ರೋಫಿ ಮುಡಿಗೇರುತ್ತದೆ. ದೇವರ ತಲೆಯ ವಜ್ರಕ್ಕೂ ಅಜ್ಜಿ ಹರಕೆ ತೀರಿಸಿದ ಕೂದಲಿಗೂ ಒಂದೇ ಹೆಸರಿಟ್ಟ ಭಾಷೆ ನಮ್ಮದು.

“ಆಯ್ತಪ್ಪಾ, ಈ ಶಬ್ದಗಳನ್ನು ಕಟ್ಟಿಕೊಂಡು ಹೈದರಾಬಾದಿನಲ್ಲಿ ಏನು ಮಾಡೋದು?” ಎಂದು ಕೆಲವರು ಕೇಳಬಹುದು. ನನ್ನ ಕಳವಳ ಅಲ್ಲೇ ಇದೆ. 1956ರ ನವೆಂಬರ್ 1ರವರೆಗೆ ಬೀದರ, ಗುಲ್ಬರ್ಗ, ರಾಯಚೂರುಗಳಿಗೆ ಇದೇ ಊರು ರಾಜಧಾನಿ. ಗಡಿ ಸರಿದ ಮೇಲೂ ಆ ಕಡೆಯ ಜನ ಇಲ್ಲಿ ಉಳಿದರು, ಕೆಲಸ ಹುಡುಕಿಕೊಂಡು ಇನ್ನೂ ಬಂದರು. ಅವರು ಊರಿಂದ ತಂದ ಗಂಟಿನಲ್ಲಿ ನೆತ್ತಿ, ಸುಳಿ, ಬಾಸಿಂಗಗಳಿದ್ದವು. ನಾವು ಬೀದಿಯಲ್ಲಿ ತೆಲುಗು, ಅಂಗಡಿಯಲ್ಲಿ ಹಿಂದಿ, ಪರೀಕ್ಷೆಗೆ ಪುಸ್ತಕದ ಕನ್ನಡ ಎಂದು ಹಂಚಿಕೊಂಡಿದ್ದೇವೆ. ಮನೆಮಾತು ಅಜ್ಜ ಅಜ್ಜಿಯರ ಜೊತೆಗೇ ಹೊರಟುಹೋಗುತ್ತಿದೆ. ಪುಸ್ತಕದಲ್ಲಿ ಉಳಿಯುವುದು ಕಿರೀಟ ಮಾತ್ರ.

2008ರ ಅಕ್ಟೋಬರ್ 31ರಂದು ಕನ್ನಡಕ್ಕೂ ತೆಲುಗಿಗೂ ಒಟ್ಟಿಗೇ ಶಾಸ್ತ್ರೀಯ ಭಾಷೆಯ ಸ್ಥಾನ ಬಂತು. ಭಾಷಣದಲ್ಲಿ ಅದನ್ನೂ ಕಿರೀಟವೆಂದೇ ಕರೆಯುತ್ತೇವೆ. ಸಂತೋಷ. ಆದರೆ ಕಿರೀಟವಿಟ್ಟ ತಲೆಗೆ ಮಾತಾಡುವ ಬಾಯಿಯೂ ಬೇಕಲ್ಲ?

ಆದ್ದರಿಂದ ಸಂಘದ ಗೆಳೆಯ ಗೆಳತಿಯರಲ್ಲಿ ನನ್ನದೊಂದು ಸೂಚನೆ. ಪ್ರತಿ ಸಂಚಿಕೆಯಲ್ಲಿ ಒಂದು ಪುಟವನ್ನು ಮನೆಮಾತಿಗೆ ಮೀಸಲಿಡೋಣ. ಒಬ್ಬೊಬ್ಬರು ಮನೆಯ ಹಿರಿಯರನ್ನು ಕೇಳಿ ಒಂದೊಂದು ಶಬ್ದ ತರಲಿ. ಯಾವ ಊರಿನದು, ಯಾವ ಸಂದರ್ಭದಲ್ಲಿ ಆಡುತ್ತಿದ್ದರು ಎಂದು ನಾಲ್ಕು ಸಾಲು ಬರೆಯಲಿ. ನಿಘಂಟಿನಲ್ಲಿ ಇಲ್ಲದಿದ್ದರೆ ಇನ್ನೂ ಒಳ್ಳೆಯದು. ಮುಂದಿನ ಸಂಚಿಕೆಗೆ ನನ್ನ ಪಾಲಿನದು ‘ದಂಡಿ’: ಉತ್ತರ ಕರ್ನಾಟಕದ ಮದುವೆಯಲ್ಲಿ ತಲೆಗೆ ಕಟ್ಟುವ ಹೂವಿನ ದಂಡೆ. ನೀವು ಯಾವುದನ್ನು ತರುತ್ತೀರಿ?