ಕಳಿಸೋದು ಒಟ್ಟಿಗೆ, ಚಾಲೂ ಮಾಡೋದು ಒಂದೊಂದಾಗಿ

1/7
ಗೆಳೆಯರೇ, ಇವತ್ತು ಸ್ವಲ್ಪ ಜಗಳ ಆಡೋಣ. ಲ್ಯಾಬ್‌ನಲ್ಲಿ 'ಅಪ್‌ಡೇಟ್ ಆಲ್' ಬಟನ್‌ಗೆ ಎಲ್ಲರೂ ಚಪ್ಪಾಳೆ ತಟ್ಟಿದ್ರಲ್ಲ, ನೆನಪಿದೆಯಾ? ನಾಲ್ಕು ಎಂಜಿನ್‌ಗಳ ದೋಣಿಯ ಮಾಡೆಲ್, ನಾಲ್ಕು ಕಂಟ್ರೋಲ್ ಬೋರ್ಡ್. ಒಂದು ಸಲ ಒತ್ತಿದರೆ ನಾಲ್ಕಕ್ಕೂ ಹೊಸ ಸಾಫ್ಟ್‌ವೇರ್. ಆ ಕೋಡ್ ಬರೆದವರಲ್ಲಿ ನಾನೂ ಒಬ್ಬಳು, ಹಾಗಾಗಿ ಮೊದಲು ಬೈತಿರೋದು ನನ್ನನ್ನೇ. ಮಾರನೇ ದಿನ ಅದೇ ಬಟನ್ ಒತ್ತಿದಾಗ ಮಧ್ಯದಲ್ಲಿ ಕರೆಂಟ್ ಹೋಯ್ತು. ನಾಲ್ಕೂ ಬೋರ್ಡ್ ಸತ್ತವು. ಟೇಬಲ್ ಮೇಲೆ ಆಗಿದ್ದಕ್ಕೆ ನಕ್ಕುಬಿಟ್ವಿ. ನೀರಿನ ಮೇಲೆ ಆಗಿದ್ದರೆ?

ನನ್ನ ವಾದ ಇಷ್ಟೇ: ಸಾಫ್ಟ್‌ವೇರನ್ನು ಎಲ್ಲ ಎಂಜಿನ್‌ಗೂ ಒಟ್ಟಿಗೆ ಕಳಿಸಿ. ಆದರೆ ಚಾಲೂ ಮಾಡೋದು ಮಾತ್ರ ಒಂದೊಂದಾಗಿ.

2/7
ದೋಣಿಗೆ ಎರಡು, ಮೂರು, ನಾಲ್ಕು ಎಂಜಿನ್ ಯಾಕೆ ಹಾಕ್ತಾರೆ? ವೇಗಕ್ಕೆ, ನಿಜ. ಆದರೆ ಇನ್ನೊಂದು ಕಾರಣ ಇದೆ: ಒಂದು ಕೈಕೊಟ್ಟರೆ ಇನ್ನೊಂದರಲ್ಲಿ ದಡ ಸೇರಬೇಕು. ಬೈಕ್ ಕೆಟ್ಟರೆ ರಸ್ತೆ ಪಕ್ಕಕ್ಕೆ ತಳ್ಳಬಹುದು. ದೋಣಿಯನ್ನು ಎಲ್ಲಿಗೆ ತಳ್ತೀರಿ?

ಒಂದೇ ಕೆಟ್ಟ ಫೈಲನ್ನು ಒಂದೇ ಕ್ಷಣದಲ್ಲಿ ನಾಲ್ಕಕ್ಕೂ ತುಂಬಿಸಿದರೆ ನಿಮ್ಮ ಹತ್ತಿರ ಇರೋದು ನಾಲ್ಕು ಎಂಜಿನ್ ಅಲ್ಲ. ನಾಲ್ಕು ಪ್ರೊಪೆಲ್ಲರ್ ಇರುವ ಒಂದೇ ಎಂಜಿನ್. ಅದೂ ಕೆಟ್ಟಿರೋದು.

3/7
"ಅತಿ ಮಾಡ್ತಿದ್ದೀಯ" ಅಂತೀರಾ? ವಿಮಾನದವರು ಈ ಪಾಠಕ್ಕೆ ಜೀವದ ಬೆಲೆ ಕೊಟ್ಟಿದ್ದಾರೆ, ಕೇಳಿ.

1983ರ ಮೇ 5. ಮಯಾಮಿಯಿಂದ ಹೊರಟ ಈಸ್ಟರ್ನ್ ಏರ್‌ಲೈನ್ಸ್ 855. ಮೂರು ಎಂಜಿನ್, 172 ಜನ. ರಿಪೇರಿ ಸಮಯದಲ್ಲಿ ಮೂರೂ ಎಂಜಿನ್‌ಗೆ ಒಂದೇ ಚಿಕ್ಕ ರಬ್ಬರ್ ಸೀಲ್ ಹಾಕದೇ ಬಿಟ್ಟಿದ್ದರು. ಆಯಿಲ್ ಸೋರಿ ಮೂರೂ ನಿಂತವು. ಒಂದನ್ನು ಮತ್ತೆ ಚಾಲೂ ಮಾಡಿ ವಾಪಸ್ ಇಳಿಸಿದರು, ಎಲ್ಲರೂ ಬದುಕಿದರು.

2015ರ ಮೇ 9. ಸ್ಪೇನ್‌ನ ಸೆವಿಲ್ಲೆ ಹತ್ತಿರ ಪರೀಕ್ಷಾ ಹಾರಾಟದಲ್ಲಿದ್ದ ಏರ್‌ಬಸ್ ಎ400ಎಂ. ನಾಲ್ಕರಲ್ಲಿ ಮೂರು ಎಂಜಿನ್ ಮಾತು ಕೇಳಲಿಲ್ಲ. ಸಾಫ್ಟ್‌ವೇರ್ ಹಾಕುವಾಗ ಆ ಮೂರರ ಟಾರ್ಕ್ ಕ್ಯಾಲಿಬ್ರೇಷನ್ ಡೇಟಾ ಅಳಿಸಿಹೋಗಿತ್ತು ಎಂದು ವರದಿಯಾಯಿತು. ಇದ್ದ ಆರು ಜನರಲ್ಲಿ ನಾಲ್ವರು ಸತ್ತರು.

ಎರಡರಲ್ಲೂ ಎಂಜಿನ್‌ಗೆ ಬರ ಇರಲಿಲ್ಲ. ಒಂದೇ ತಪ್ಪು ಹಲವು ಎಂಜಿನ್‌ಗೆ ಹೋಗಿತ್ತು, ಅಷ್ಟೇ.

4/7
ಹಾಗಂತ ಹಳೇ ಪದ್ಧತಿಯೇ ಸರಿ ಅಂತ ನಾನು ಹೇಳ್ತಿಲ್ಲ. ಲ್ಯಾಪ್‌ಟಾಪ್ ಹಿಡಿದು ಒಂದು ಎಂಜಿನ್‌ಗೆ ಕೇಬಲ್ ಚುಚ್ಚಿ, ಕಾದು, ಕಿತ್ತು, ಮುಂದಿನದಕ್ಕೆ ಚುಚ್ಚೋದು ಬೇಜಾರಿನ ಕೆಲಸ. ಬೇಜಾರಾದರೆ ಜನ ಅಪ್‌ಡೇಟನ್ನೇ ಮುಂದಕ್ಕೆ ಹಾಕ್ತಾರೆ. ಅದೂ ಅಪಾಯವೇ.

ಲೆಕ್ಕ ನೋಡಿ. ದೋಣಿಗಳಲ್ಲಿ ಬಳಸುವ ಎನ್‌ಎಂಇಎ 2000 ಲೈನ್‌ನ ವೇಗ ಸೆಕೆಂಡಿಗೆ 250 ಕಿಲೋಬಿಟ್. ಅದರ ಕೆಳಗಿರೋದು ಕ್ಯಾನ್ ಬಸ್. ಒಂದು ಸಂದೇಶದಲ್ಲಿ ಡೇಟಾ ಹೆಚ್ಚೆಂದರೆ 8 ಬೈಟ್, ವಿಳಾಸ, ಚೆಕ್ ಎಲ್ಲ ಸೇರಿ ಸುಮಾರು 130 ಬಿಟ್. ಇಡೀ ಲೈನ್ ನಮಗೇ ಬಿಟ್ಟುಕೊಟ್ಟರೂ ಸೆಕೆಂಡಿಗೆ 15 ಕಿಲೋಬೈಟ್ ದಾಟೋದು ಕಷ್ಟ. 2 ಎಂಬಿ ಫೈಲ್‌ಗೆ ಎರಡು ನಿಮಿಷಕ್ಕಿಂತ ಜಾಸ್ತಿ. ಜಿಪಿಎಸ್, ಆಳ ಅಳೆಯೋ ಸೆನ್ಸರ್ ಎಲ್ಲ ಅದೇ ಲೈನ್‌ನಲ್ಲಿ ಮಾತಾಡ್ತಿದ್ದರೆ ಇನ್ನೂ ನಿಧಾನ. ನಾಲ್ಕು ಸಲ ಕಳಿಸಿದರೆ ಅದರ ನಾಲ್ಕರಷ್ಟು.

ಆದರೆ ಕ್ಯಾನ್‌ನಲ್ಲಿ ಒಬ್ಬರು ಹೇಳಿದ್ದು ಲೈನ್‌ನಲ್ಲಿರೋ ಎಲ್ಲರಿಗೂ ಕೇಳಿಸುತ್ತೆ. ಮೇಷ್ಟ್ರು ಒಂದೇ ಪಾಠವನ್ನು ನಾಲ್ಕು ಮಕ್ಕಳಿಗೆ ನಾಲ್ಕು ಸಲ ಓದ್ತಾರಾ? ಒಮ್ಮೆ ಓದಿ, ಯಾರಿಗೆ ಯಾವ ಸಾಲು ತಪ್ಪಿತೋ ಅವರಿಗೆ ಅದನ್ನಷ್ಟೇ ಮತ್ತೆ ಹೇಳಿದರೆ ಸಾಕು. ಸಮಯ ಉಳಿಯೋದು ಇಲ್ಲಿ.

5/7
ಈಗ ಚಾಲೂ ಮಾಡುವ ಸರದಿ. ಇಲ್ಲಿ ಅವಸರ ಬೇಡ. ಸೇವ್ ಮಾಡ್ಕೊಳ್ಳಿ:

• ಹೊಸ ಫೈಲ್ ಖಾಲಿ ಜಾಗದಲ್ಲಿ ಕೂರಲಿ. ಹಳೇದನ್ನು ಅಳಿಸಬೇಡಿ.
• ಫೈಲ್ ಪೂರ್ತಿ ಬಂದಿದೆಯಾ, ತಯಾರಕರ ಡಿಜಿಟಲ್ ಸಹಿ ಸರಿ ಇದೆಯಾ, ಪ್ರತಿ ಬೋರ್ಡೂ ತಾನೇ ನೋಡಿಕೊಳ್ಳಲಿ.
• ದೋಣಿ ಜೆಟ್ಟಿಗೆ ಕಟ್ಟಿರಬೇಕು. ಎಂಜಿನ್ ಆಫ್, ಗೇರ್ ನ್ಯೂಟ್ರಲ್, ಬ್ಯಾಟರಿ ಫುಲ್.
• ಒಂದು ಎಂಜಿನ್ ಮಾತ್ರ ಹೊಸದಕ್ಕೆ. ಸ್ಟಾರ್ಟ್ ಮಾಡಿ. ಥ್ರಾಟಲ್, ಗೇರ್, ಸೆನ್ಸರ್ ನೋಡಿ. ಕ್ಯಾಲಿಬ್ರೇಷನ್ ಡೇಟಾ ಹಾಗೇ ಇದೆಯಾ ಅಂತ ಓದಿ ನೋಡಿ. (ಸೆವಿಲ್ಲೆ ಮರೀಬೇಡಿ.)
• ಎಲ್ಲ ಸರಿ ಇದ್ದರೆ ಮುಂದಿನದು. ಇಲ್ಲದಿದ್ದರೆ ಬೋರ್ಡ್ ತಾನಾಗಿ ಹಳೇದಕ್ಕೆ ಮರಳಬೇಕು.

6/7
"ಒಂದು ಎಂಜಿನ್ ಹೊಸದು, ಮೂರು ಹಳೇದು. ಎರಡು ದೋಣಿಯಲ್ಲಿ ಕಾಲಿಟ್ಟ ಹಾಗೆ ಆಗಲ್ವಾ?" ಒಳ್ಳೇ ಪ್ರಶ್ನೆ. ಒಂದೇ ಲಿವರ್‌ಗೆ ಎಲ್ಲ ಎಂಜಿನ್ ಒಂದೇ ಆರ್‌ಪಿಎಂನಲ್ಲಿ ಓಡಬೇಕು, ಮಾತು ಹೊಂದದಿದ್ದರೆ ತೊಂದರೆ ನಿಜ. ಅದಕ್ಕೇ ಇದನ್ನೆಲ್ಲ ಹಗ್ಗ ಬಿಚ್ಚುವ ಮೊದಲು ಮುಗಿಸಿ ಅನ್ನೋದು. ಹೊಸ ಸಾಫ್ಟ್‌ವೇರ್‌ಗೆ ಹಳೇದರ ಭಾಷೆ ಅರ್ಥ ಆಗೋ ಹಾಗೆ ಬರೆಯೋದು ನಮ್ಮ ಕೆಲಸ. ಅದು ಆಗದಿದ್ದರೆ, ನಾಲ್ಕನ್ನೂ ಹಳೇದಕ್ಕೆ ತರುವ ದಾರಿಯನ್ನಾದರೂ ಮೊದಲೇ ಇಟ್ಟಿರಬೇಕು. ಇವೆರಡೂ ಇಲ್ಲದ ಅಪ್‌ಡೇಟನ್ನು ದೋಣಿಗೆ ಹಾಕಲೇಬೇಡಿ.

"ಟೈಮ್ ವೇಸ್ಟ್" ಅನ್ನೋರಿಗೆ: ಕಳಿಸುವಾಗ ಉಳಿಸಿದ ನಿಮಿಷಗಳನ್ನೇ ಇಲ್ಲಿ ಖರ್ಚು ಮಾಡ್ತಿದ್ದೀವಿ. ಕೈಯಿಂದ ಏನೂ ಹೋಗಲ್ಲ. ಆತುರಗಾರನಿಗೆ ಬುದ್ಧಿ ಮಟ್ಟ ಅಂತ ಹಿರಿಯರು ಸುಮ್ಮನೆ ಹೇಳಿಲ್ಲ.

7/7
ನಾವು ನಾಳೆ ಎಂಜಿನಿಯರ್ ಆಗೋರು. ಡೆಮೋದಲ್ಲಿ ಬೇಗ ಮುಗಿದರೆ ಮಾರ್ಕ್ಸ್ ಬರುತ್ತೆ. ಆದರೆ ಬಟನ್ ಒತ್ತುವವರು ಒಬ್ಬರು, ರಾತ್ರಿ ಅಲೆ ಮೇಲೆ ಇರುವವರು ಇನ್ನೊಬ್ಬರು. ಅವರಿಗೆ ಬೇಕಾಗಿರೋದು ನಮ್ಮ ಚಪ್ಪಾಳೆಯಲ್ಲ, ಸ್ಟಾರ್ಟ್ ಆಗುವ ಒಂದು ಎಂಜಿನ್.

ನಮ್ಮ ಪ್ರಾಜೆಕ್ಟ್‌ನಿಂದ ಆ ಬಟನ್ ತೆಗೀತಿದ್ದೀನಿ. ಅದರ ಜಾಗದಲ್ಲಿ ಎರಡು ಬರುತ್ತೆ: 'ಎಲ್ಲದಕ್ಕೂ ಕಳಿಸು', 'ಒಂದನ್ನು ಚಾಲೂ ಮಾಡು'. ಒಪ್ಪದವರು ಕಮೆಂಟ್‌ನಲ್ಲಿ ಬನ್ನಿ. ಬೈಯಿರಿ, ಆದರೆ ಲೆಕ್ಕ ಸಮೇತ ಬೈಯಿರಿ.

#ದೋಣಿ #ಎಂಜಿನ್ #ಕನ್ನಡದಲ್ಲಿ_ಟೆಕ್