ನಗಿಸಿದ್ದಕ್ಕೆ ಸಂಬಳ ಹಿಡಿಯುವುದೇ?

ಪಿಯುಸಿ ಪರೀಕ್ಷೆ ಮುಗಿಯಿತೆಂದರೆ ದಾವಣಗೆರೆಯ ಮಂಡಿಪೇಟೆ, ಚೌಕಿಪೇಟೆಯ ಬಟ್ಟೆ ಅಂಗಡಿಗಳಲ್ಲಿ ಹೊಸ ಮುಖಗಳು ಕಾಣಿಸಿಕೊಳ್ಳುತ್ತವೆ. ಮದುವೆ ಕಾಲ. ಅಂಗಡಿಗೆ ಆಳು ಬೇಕು, ಹುಡುಗರಿಗೆ ಕಾಲೇಜು ಫೀಜಿಗೆ ಕಾಸು ಬೇಕು. ಬೆಳಿಗ್ಗೆಯಿಂದ ರಾತ್ರಿಯವರೆಗೆ ನಿಂತೇ ಇರುವ ಕೆಲಸ. ಕೂತರೆ ಸಾಹುಕಾರರ ಕಣ್ಣು ಕೆಂಪಾಗುತ್ತದೆ.

ಇಂಥದೊಂದು ಅಂಗಡಿಯಲ್ಲಿ ನಡೆದ ಪ್ರಸಂಗ ನಮ್ಮ ಕಿವಿಗೆ ಬಿದ್ದಿದೆ. ಅಂಗಡಿಯ ಹೆಸರು ಬೇಡ. ಹೆಸರು ಬರೆದರೆ ಮುನಿಸು ಉಳಿಯುತ್ತದೆ, ಹುಡುಗರ ಸಂಬಳ ಬರುವುದಿಲ್ಲ.

ನಾಲ್ಕು ಜನ ಹುಡುಗರು, ಕ್ಯಾಷ್ ಕೌಂಟರಿನ ಒಬ್ಬ ಹುಡುಗಿ. ರಾತ್ರಿ ಷಟರ್ ಅರ್ಧ ಎಳೆದು, ಬಿಚ್ಚಿದ ಸೀರೆಗಳನ್ನೆಲ್ಲ ಮಡಚಿಟ್ಟ ಮೇಲೆ ಹತ್ತು ನಿಮಿಷ ಇವರ ನಾಟಕ. ಸೀರೆ ಡಬ್ಬಗಳಿಗೆ ಮೊಬೈಲ್ ಒರಗಿಸಿದರೆ ಅದೇ ಕ್ಯಾಮೆರಾ. ಮೀಟರ್ ಕೋಲೇ ಮೈಕು. ಅಂಗಡಿ ಮುಂದಿನ ಗೊಂಬೆಯೇ ಮದುಮಗಳು. ಹುಡುಗಿ ಗಿರಾಕಿಯಾಗಿ ಬಂದು ಅರವತ್ತು ಸೀರೆ ಬಿಚ್ಚಿಸಿ, "ಚೆನ್ನಾಗೈತಣ್ಣ, ನಮ್ಮ ಮನೆಯವ್ರನ್ನ ಕರ್ಕಂಡ್ ಬರ್ತೀನಿ" ಎಂದು ಹೊರಡುತ್ತಾಳೆ. ಹೊಟ್ಟೆಗೆ ದಿಂಬು ಕಟ್ಟಿಕೊಂಡ ಸಾಹುಕಾರ, "ಬಿಚ್ಚಿದ್ದಕ್ಕೂ ಬಿಲ್ ಹಾಕ್ರಲೇ!" ಎಂದು ಕೂಗುತ್ತಾನೆ. ಇಷ್ಟೇ. ಒಂದು ನಿಮಿಷವೂ ಇಲ್ಲ. ನಾವೂ ನೋಡಿದೆವು, ನಕ್ಕೆವು.

ನಿಜವಾದ ಸಾಹುಕಾರರು ಇದನ್ನು ನೋಡಿದ್ದು ಬೀಗರ ಮೊಬೈಲಿನಲ್ಲಿ. ಬೀಗರು ನಕ್ಕರು, ಇವರಿಗೆ ನಗು ಬರಲಿಲ್ಲ. ಮಾರನೇ ದಿನ ಐದೂ ಜನ ಹೊರಗೆ. ದುಡಿದ ತಿಂಗಳ ಸಂಬಳ ಕೇಳಿದರೆ, "ಆ ಮೊಬೈಲ್‌ನೇ ಕೇಳ್ರಿ, ಕೊಡ್ತದೆ" ಎಂಬ ಉತ್ತರ. ಒಬ್ಬ ಹುಡುಗನಿಗೆ ಅದು ಬಿ.ಕಾಂ. ಸೇರುವ ಹಣ.

ಸಾಹುಕಾರರ ಮಾತನ್ನೂ ಕೇಳಿದೆವು. ಅವರ ಸಿಟ್ಟಿಗೆ ಕಾರಣವೇ ಇಲ್ಲವೆನ್ನಲಾಗದು. ಇನ್ನೊಂದು ವಿಡಿಯೋದಲ್ಲಿ ಸಂಚಿಯಿಂದ ಚಿಲ್ಲರೆ ತೆಗೆದು ಎಣಿಸುತ್ತಿದ್ದ ಹಳ್ಳಿಯ ಅಜ್ಜಿಯೊಬ್ಬಳ ಮುಖ ಬಂದಿದೆ. ಆಕೆಯನ್ನು ಯಾರೂ ಕೇಳಿರಲಿಲ್ಲ. ಮಗ ಅಂಗಡಿಗೇ ಬಂದು ಜಗಳ ತೆಗೆದ. ಹುಡುಗರು ಅದನ್ನು ಅಳಿಸಿದರು ನಿಜ. ಆದರೆ ಅಷ್ಟರಲ್ಲಿ ನಾಲ್ಕು ಜನ ನೋಡಿಯಾಗಿತ್ತು.

ಹುಡುಗರೇ, ಇದು ನಿಮ್ಮ ತಪ್ಪು. ಚಿಂದೋಡಿ ಮನೆತನದ ಕೆ.ಬಿ.ಆರ್. ನಾಟಕ ಕಂಪನಿಯನ್ನು ಕಂಡ ಊರಿದು, ನಗುವುದನ್ನು ನಮಗೆ ಯಾರೂ ಕಲಿಸಬೇಕಾಗಿಲ್ಲ. ಮಾಸ್ಟರ್ ಹಿರಣ್ಣಯ್ಯ 'ಲಂಚಾವತಾರ' ಆಡಿದಾಗ ಪೆಟ್ಟು ಬಿದ್ದದ್ದು ಕುರ್ಚಿಯಲ್ಲಿ ಕೂತವರಿಗೆ. ಸಾಹುಕಾರನ ಹೊಟ್ಟೆಗೆ ದಿಂಬು ಕಟ್ಟುವುದು ಹಾಸ್ಯ. ಚಿಲ್ಲರೆ ಎಣಿಸುವ ಅಜ್ಜಿಯನ್ನು ತೋರಿಸಿ ನಗುವುದು ಹಾಸ್ಯವಲ್ಲ.

ಈ ಸಾಲು ಬರೆಯುತ್ತಿರುವವನೂ ಪಿಯುಸಿ ಅರ್ಧಕ್ಕೆ ಬಿಟ್ಟು ಒಂದು ಬೇಸಿಗೆ ಬಟ್ಟೆ ಅಂಗಡಿಯಲ್ಲಿ ಥಾನು ಹೊತ್ತವನೇ. ಬಿಲ್ ನೋಡುವ ಮುಂಚೆ ನಮ್ಮ ಯಜಮಾನರು ಮೂರು ಸಲ ಕೆಮ್ಮುತ್ತಿದ್ದರು. ಷಟರ್ ಎಳೆದ ಮೇಲೆ ನಾವು ಅದನ್ನೇ ಅಣಕಿಸುತ್ತಿದ್ದೆವು. ಒಂದು ರಾತ್ರಿ ಹಿಂದೆ ಬಂದು ನಿಂತಿದ್ದಾರೆ! ನಮಗೆ ಕೈಕಾಲು ನಡುಕ. "ನಾನು ಇಷ್ಟು ಕೆಮ್ತೀನೇನ್ರಲೇ?" ಎಂದವರೇ ಎಲ್ಲರಿಗೂ ಮಂಡಕ್ಕಿ, ಮಿರ್ಚಿ ತರಿಸಿದರು. ಮರುದಿನದಿಂದ ನಾವು ಇನ್ನಷ್ಟು ಮೈಮುರಿದು ದುಡಿದೆವು.

ಅಂದಿನ ಅಣಕು ಅಂಗಡಿಯ ಗೋಡೆ ದಾಟುತ್ತಿರಲಿಲ್ಲ. ಈಗ ಬೆಳಗಾಗುವುದರೊಳಗೆ ಹರಿಹರ, ಚನ್ನಗಿರಿ ದಾಟಿರುತ್ತದೆ. 2020ರ ಜೂನ್‌ನಲ್ಲಿ ಸರ್ಕಾರ ಟಿಕ್‌ಟಾಕ್ ನಿಷೇಧಿಸಿತು. ಜುಲೈನಲ್ಲಿ ಇನ್‌ಸ್ಟಾಗ್ರಾಂ ರೀಲ್ಸ್ ಬಂತು. ಅಂಗಡಿ ಬದಲಾಯಿತು, ವ್ಯಾಪಾರ ನಿಲ್ಲಲಿಲ್ಲ. ಹಾಗಾಗಿ ಅಂಗಡಿಯೊಳಗೆ ವಿಡಿಯೋ ಬೇಡವೆನ್ನುವ ಹಕ್ಕು ಯಜಮಾನರಿಗೆ ಉಂಟು. ಬೈಯಲಿ. ಬೇಕಾದರೆ ಕೆಲಸದಿಂದಲೂ ತೆಗೆಯಲಿ. ಆದರೆ ದುಡಿದ ಕೂಲಿ ಹಿಡಿಯುವ ಹಕ್ಕು ಎಲ್ಲಿಂದ ಬಂತು?

2019ರ ವೇತನ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ. ಕೆಲಸದಿಂದ ತೆಗೆದವನ ಬಾಕಿ ವೇತನವನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕೆಂದು ಅದು ಹೇಳುತ್ತದೆ. ಬಿಟ್ಟು ಹೋದವನಿಗೂ ಅಷ್ಟೇ. ದಂಡ ಹಾಕುವುದಾದರೆ ಯಾವ ಯಾವ ತಪ್ಪಿಗೆಂದು ಮೊದಲೇ ಒಪ್ಪಿಗೆ ಪಡೆದು ಬೋರ್ಡಿನಲ್ಲಿ ಹಾಕಿರಬೇಕು, ನೌಕರನ ಮಾತು ಕೇಳಬೇಕು. ಆಗಲೂ ದಂಡ ವೇತನದ ಶೇಕಡಾ 3 ದಾಟುವಂತಿಲ್ಲ. ಹತ್ತು ಸಾವಿರಕ್ಕೆ 300 ರೂಪಾಯಿ! ಇಲ್ಲಿ ಹಿಡಿದದ್ದು ಇಡೀ ತಿಂಗಳಿನದು.

ಇನ್ನೊಂದು ತಮಾಷೆ ನೋಡಿ. ಇದೇ ಪೇಟೆಯ ಅಂಗಡಿಗಳವರು ಜಾಹೀರಾತಿಗೆಂದು ರೀಲ್ಸ್ ಮಾಡುವವರಿಗೆ ದುಡ್ಡು ಕೊಟ್ಟು ಕರೆಸುವುದುಂಟು. ಮನೆಯ ಹುಡುಗರು ಪುಕ್ಕಟೆ ನಗಿಸಿದರೆ ಮಾತ್ರ ಅಪರಾಧ!

ಸಾಹುಕಾರರೇ, ನಿಮ್ಮ ಮರ್ಯಾದೆ ಹೋದದ್ದು ದಿಂಬಿನಿಂದಲ್ಲ, ಹಿಡಿದಿಟ್ಟ ಸಂಬಳದಿಂದ. ಹುಡುಗರನ್ನು ಕರೆಸಿ ಕೊಟ್ಟುಬಿಡಿ. ಹುಡುಗರೂ ಆ ಅಜ್ಜಿಯ ಮನೆಗೆ ಹೋಗಿ ತಪ್ಪಾಯ್ತೆಂದು ಕೈ ಮುಗಿದು ಬರಲಿ. ಕಾಲೇಜು ಸೇರುವ ದಿನಗಳು ಹತ್ತಿರ ಬಂದಿವೆ. ಕಾರ್ಮಿಕ ಇಲಾಖೆಯವರು ಅಷ್ಟರೊಳಗೆ ಒಮ್ಮೆ ಪೇಟೆ ಸುತ್ತಿ ಬರುವರೇ?