ಕಾನೂನು ಬೆಳೆಯಿತು, ಶಿಕ್ಷೆ ಇಳಿಯಿತು



"ಕೇಸು ಹಾಕಿದ್ರೆ ಏನಾಯ್ತದೆ? ಹೋದ ಮಾನ ವಾಪಸ್ ಬತ್ತದಾ?" ನಮ್ಮ ಕೇರಿಗಳಲ್ಲಿ ಹೀಗೆ ಕೇಳುವವರು ನಮ್ಮ ಶತ್ರುಗಳಲ್ಲ, ನಮ್ಮ ಅವ್ವ ಅಪ್ಪಂದಿರೇ. ಅವರು ಹೇಡಿಗಳಲ್ಲ. ಅವರಿಗೆ ಕೋರ್ಟಿನ ಲೆಕ್ಕ ಗೊತ್ತು. ನಾಲ್ಕಕ್ಷರ ಕಲಿತ ನಾವೂ ಆ ಲೆಕ್ಕ ತಿಳಿಯಬೇಕು.

ಸರ್ಕಾರದ್ದೇ ಅಂಕಿಅಂಶ ನೋಡಿ. ದೇಶದಲ್ಲಿ 1971ರಲ್ಲಿ ದಾಖಲಾದ ಅತ್ಯಾಚಾರದ ಕೇಸು 2,487. 2022ರಲ್ಲಿ 31,516. ಇದು ಕ್ರೌರ್ಯದ ಲೆಕ್ಕ ಮಾತ್ರವಲ್ಲ, ಬಾಯಿಬಿಟ್ಟು ಹೇಳಿದ ಹೆಣ್ಣುಮಕ್ಕಳ ಧೈರ್ಯದ ಲೆಕ್ಕವೂ ಹೌದು. ಆ ಧೈರ್ಯಕ್ಕೆ ಸಿಕ್ಕಿದ್ದೇನು? 1973ರಲ್ಲಿ ತೀರ್ಪಾದ ನೂರು ಕೇಸುಗಳಲ್ಲಿ ಸುಮಾರು 44ರಲ್ಲಿ ಶಿಕ್ಷೆಯಾಗಿತ್ತು. 1983ಕ್ಕೆ ಅದು 38ರ ಹತ್ತಿರ ಬಂತು. 2011ಕ್ಕೆ 26. 2022ರಲ್ಲಿ 27. ಅದೂ ತೀರ್ಪಾದ ಕೇಸುಗಳ ಮಾತು. ಕೋರ್ಟಿನ ಮುಂದಿದ್ದ ನೂರರಲ್ಲಿ ಹತ್ತು ಕೂಡ ಆ ವರ್ಷ ಮುಗಿಯಲಿಲ್ಲ.

ಹಾಗಂತ ಕಾನೂನುಗಳು ಕಮ್ಮಿ ಬಂದವೇ? 1972ರಲ್ಲಿ ಮಹಾರಾಷ್ಟ್ರದ ದೇಸಾಯಿಗಂಜ್ ಠಾಣೆಯೊಳಗೇ ಒಬ್ಬ ಆದಿವಾಸಿ ಹುಡುಗಿಯ ಮೇಲೆ ಪೊಲೀಸರಿಂದ ಅತ್ಯಾಚಾರವಾಯಿತು. ಮೈಮೇಲೆ ಗಾಯವಿಲ್ಲ, ಆದ್ದರಿಂದ ಒಪ್ಪಿಗೆಯಿತ್ತು ಎಂಬ ತರ್ಕದಲ್ಲಿ 1978ರಲ್ಲಿ ಸುಪ್ರೀಂ ಕೋರ್ಟು ಪೊಲೀಸರನ್ನು ಬಿಟ್ಟುಬಿಟ್ಟಿತು. ಮಹಿಳೆಯರು ಬೀದಿಗಿಳಿದರು, 1983ರಲ್ಲಿ ಕಾನೂನು ಬದಲಾಯಿತು. 1989ರಲ್ಲಿ ದೌರ್ಜನ್ಯ ತಡೆ ಕಾಯ್ದೆ ಬಂತು. 2013ರಲ್ಲಿ ಮತ್ತೆ ತಿದ್ದುಪಡಿ.

ಕಾನೂನು ದಿಲ್ಲಿಯಲ್ಲಿ ಬದಲಾಯಿತು, ಊರಿನ ಯಜಮಾನಿಕೆ ಬದಲಾಗಲಿಲ್ಲ. ದೂರು ಬರೆದುಕೊಳ್ಳಲು ತಡ, ವೈದ್ಯಕೀಯ ಪರೀಕ್ಷೆಗೆ ತಡ. ಅಷ್ಟರಲ್ಲಿ ಯಜಮಾನರು ರಾಜಿಗೆ ಕೂರುತ್ತಾರೆ. ಸಾಕ್ಷಿ ಹೇಳಬೇಕಾದವನು ಆರೋಪಿಯ ಹೊಲದಲ್ಲೇ ಕೂಲಿ. ನಾಲ್ಕು ವರ್ಷದ ಮೇಲೆ ಕಟಕಟೆ ಹತ್ತಿ "ನಾನೇನೂ ನೋಡಿಲ್ಲ ಸ್ವಾಮಿ" ಅಂತಾನೆ. ಅವನನ್ನು ಬೈದು ಏನು ಫಲ? ಅವನ ಬಾಯಿಗೆ ಬೀಗ ಹಾಕಿದ್ದು ಹೊಟ್ಟೆ.

2006ರಲ್ಲಿ ಖೈರ್ಲಾಂಜಿಯಲ್ಲಿ ತಾಯಿ, ಮಗಳು ಸೇರಿ ಒಂದೇ ಮನೆಯ ನಾಲ್ವರು ದಲಿತರನ್ನು ಕೊಂದರು. ಕೊಲೆಗೆ ಶಿಕ್ಷೆಯಾಯಿತು. ಅತ್ಯಾಚಾರದ ಆರೋಪ ನಿಲ್ಲಲಿಲ್ಲ. ದೌರ್ಜನ್ಯ ಕಾಯ್ದೆಯೂ ಅನ್ವಯವಾಗಲಿಲ್ಲ. ಜಾತಿ ಕಣ್ಣೆದುರೇ ಇತ್ತು, ತೀರ್ಪಿನಲ್ಲಿ ಇರಲಿಲ್ಲ.

"ನೂರಕ್ಕೆ 27 ಅಂದ್ರೆ ಉಳಿದವೆಲ್ಲ ಸುಳ್ಳು ಕೇಸು" ಅಂತ ಕಾಲೇಜಿನಲ್ಲಿ ವಾದಿಸುವವರಿದ್ದಾರೆ. ಅವರಿಗೆ ಹೇಳಿ: ಖುಲಾಸೆ ಅಂದರೆ ಸುಳ್ಳು ಅಂತಲ್ಲ, ಸಾಬೀತಾಗಲಿಲ್ಲ ಅಂತ. ಸಾಬೀತು ಮಾಡಬೇಕಾದವರು ಯಾರು? ಅದೇ ಪೊಲೀಸು, ಅದೇ ಸರ್ಕಾರಿ ವಕೀಲರು.

ಹಾಗಾದರೆ ಸುಮ್ಮನಿರೋಣವೇ? ಇಲ್ಲ. ಊರಿಗೆ ಹೋದಾಗ ಇಂಥದ್ದು ನಡೆದರೆ ಆ ಮನೆಯವರ ಜೊತೆ ಠಾಣೆಗೆ ನಡೆಯಿರಿ. ಅತ್ಯಾಚಾರದ ದೂರು ಬರೆದುಕೊಳ್ಳದ ಪೊಲೀಸು ಅಧಿಕಾರಿಗೇ ಜೈಲು ಎಂಬ ಕಾನೂನು 2013ರಿಂದ ಇದೆ. ಎಫ್‌ಐಆರ್ ಪ್ರತಿ ಪುಕ್ಕಟೆ, ಕೇಳಿ ತನ್ನಿ. ದೌರ್ಜನ್ಯ ಕಾಯ್ದೆಯ ಕಲಂ ಬಿದ್ದಿದೆಯೇ ನೋಡಿ. ಬಿದ್ದಿದ್ದರೆ ತನಿಖೆ ಡಿವೈಎಸ್ಪಿ ದರ್ಜೆಗೆ ಕಮ್ಮಿಯಿಲ್ಲದವರೇ ಮಾಡಬೇಕು. ಸಾಕ್ಷಿಗಳಿಗೆ ರಕ್ಷಣೆ, ಓಡಾಟದ ಖರ್ಚು ಕೊಡಬೇಕೆಂದು ಅದೇ ಕಾಯ್ದೆಗೆ 2015ರಲ್ಲಿ ಸೇರಿಸಿದ್ದಾರೆ. ಅರ್ಜಿ ಬರೆದುಕೊಡುವ ಕೈ ನಿಮ್ಮದಾಗಲಿ.

ಮೊದಲ ದಿನ ಮೆರವಣಿಗೆ ಮಾಡುತ್ತೇವೆ. ನಾಲ್ಕನೇ ವರ್ಷ ಆ ಹೆಣ್ಣುಮಗಳು ಕೋರ್ಟಿನ ಮೆಟ್ಟಿಲ ಮೇಲೆ ಒಬ್ಬಳೇ ಕೂತಿರುತ್ತಾಳೆ. ಅವತ್ತು ನಾವು ಪಕ್ಕದಲ್ಲಿರಬೇಕು. 27 ಎಂಬ ಅಂಕಿ ಮೇಲೇಳುವುದು ಅಲ್ಲಿಂದ.